ಇಪ್ಪತ್ತೈದು ಗಂಟೆಯ ರೆಂಡರಿಗೆ ಆರತಿ ಬೇಡ

ಅನಿಮೇಶನ್ ಕೆಲಸದಲ್ಲಿ ಕೂದಲು ಹಣ್ಣಾದ ನಾಲ್ಕು ಜನ ಒಂದೆಡೆ ಸೇರಿದರೆ ಸಾಕು, ಹತ್ತು ನಿಮಿಷದೊಳಗೆ ಆ ಮಾತು ಬಂದೇ ಬರುತ್ತದೆ. "ನಮ್ಮ ಕಾಲದಲ್ಲಿ ಒಂದು ಫ್ರೇಮ್ ರೆಂಡರ್ ಆಗೋದರೊಳಗೆ ಚಹಾ ಕುಡಿದು ಬರಬಹುದಿತ್ತು. ಅದಕ್ಕೇ ನಾವು ಯೋಚನೆ ಮಾಡಿ ಕೆಲಸ ಮಾಡ್ತಿದ್ದೆವು. ಈಗಿನ ಹುಡುಗರಿಗೆ ಎಲ್ಲವೂ ಒಂದು ಗುಂಡಿ ಒತ್ತಿದರೆ ಆಗಬೇಕು." ಮುಂಬಯಿ, ಪುಣೆ, ಹೈದರಾಬಾದು, ಎಲ್ಲಿ ಹೋದರೂ ಇದೇ ಹಾಡು, ಇದೇ ರಾಗ. ಕೇಳುವ ಹುಡುಗರು ತಲೆ ತಗ್ಗಿಸುತ್ತಾರೆ. ಹೇಳಿದವರು ಎದೆಯುಬ್ಬಿಸಿ ಇನ್ನೊಂದು ಚಹಾ ತರಿಸುತ್ತಾರೆ.

ನಾನೂ ಆ ಕಾಲದವನೇ. 1995ರಲ್ಲಿ ಗದಗಿನಿಂದ ಮುಂಬಯಿಗೆ ಬಂದು, ದಾದರಿನ ಒಂದು ಸಣ್ಣ ಸ್ಟುಡಿಯೊದಲ್ಲಿ ಮದುವೆ ವಿಡಿಯೊಗಳಿಗೆ ಹಾರುವ ಅಕ್ಷರಗಳನ್ನು ಮಾಡಿಕೊಡುತ್ತ ವೃತ್ತಿ ಶುರು ಮಾಡಿದವನು. ಹಾಗಾಗಿ ಹೊರಗಿನವನೆಂದು ನನ್ನನ್ನು ಯಾರೂ ತಳ್ಳಿಹಾಕುವಂತಿಲ್ಲ. ಅಂದಿನ ನಿಧಾನ ನಮ್ಮನ್ನು ಕಲಾವಿದರನ್ನಾಗಿ ಮಾಡಿತು ಎಂಬ ಈ ಮಾತು ಸುಳ್ಳು. ಬರೀ ಸುಳ್ಳಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಊರಿನಿಂದ ಸಾಲ ಮಾಡಿ ಬಂದು ಈ ವಿದ್ಯೆ ಕಲಿಯುವ ಮಕ್ಕಳಿಗೆ ಅದರಿಂದ ನಷ್ಟವಾಗುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಆ ನಿಧಾನದ ಲೆಕ್ಕ ಹಾಕೋಣ. ನಮ್ಮ ಟಿವಿಗೆ ಸೆಕೆಂಡಿಗೆ 25 ಫ್ರೇಮ್ ಬೇಕು. ಹತ್ತು ಸೆಕೆಂಡಿನ ಟೈಟಲ್ ಎಂದರೆ 250 ಫ್ರೇಮ್. ನಮ್ಮ ಬಳಿ ಇದ್ದದ್ದು 486 ಯಂತ್ರ, 8 ಮೆಗಾಬೈಟ್ ಮೆಮೊರಿ, ಡಾಸ್ ಮೇಲೆ ಓಡುವ 3ಡಿ ಸ್ಟುಡಿಯೊ. ಹೊಳೆಯುವ ಅಕ್ಷರ, ಎರಡು ದೀಪ, ಒಂದು ನೆರಳು ಇಟ್ಟರೆ ಫ್ರೇಮಿಗೆ ಆರು ನಿಮಿಷ. ಗುಣಿಸಿ ನೋಡಿ: 1500 ನಿಮಿಷ, ಅಂದರೆ ಇಪ್ಪತ್ತೈದು ಗಂಟೆ. ಟಿವಿ ಅಳತೆಯ ಒಂದು ಫ್ರೇಮನ್ನು ಕುಗ್ಗಿಸದೆ ಇಟ್ಟರೆ ಸುಮಾರು 1.3 ಮೆಗಾಬೈಟ್. ಒಂದು ಫ್ಲಾಪಿಗೆ ಒಂದೇ ಫ್ರೇಮ್. ಡಾಸ್ ಒಂದು ಸಲಕ್ಕೆ ಒಂದೇ ಕೆಲಸ ಮಾಡುತ್ತಿದ್ದುದರಿಂದ ಆ ಇಪ್ಪತ್ತೈದು ಗಂಟೆ ಯಂತ್ರ ನಮ್ಮ ಕೈಗೆ ಸಿಗುತ್ತಲೂ ಇರಲಿಲ್ಲ.

ಆ ಹೊತ್ತಿನಲ್ಲಿ ನಾವು ಬೆಳಕು ನೆರಳಿನ ತತ್ವವನ್ನು ಧ್ಯಾನಿಸುತ್ತಿದ್ದೆವೆ? ಮೇಜಿನ ಕೆಳಗೆ ಮಲಗುತ್ತಿದ್ದೆವು. ಸ್ಟೇಶನ್ ಹೊರಗೆ ವಡಾಪಾವ್ ತಿನ್ನುತ್ತಿದ್ದೆವು. ಕರೆಂಟ್ ಹೋಗದಿರಲಿ ಎಂದು ಬೇಡಿಕೊಳ್ಳುತ್ತಿದ್ದೆವು. ಬೆಳಿಗ್ಗೆ ಗಿರಾಕಿ ಬಂದು "ಮದುಮಗನ ಹೆಸರಿಗೆ ಇನ್ನೊಂದು 'ಎ' ಸೇರಿಸಬೇಕು, ಜ್ಯೋತಿಷಿಗಳು ಹೇಳಿದ್ದಾರೆ" ಎಂದರೆ ಮತ್ತೆ ಮೊದಲಿನಿಂದ ಇಪ್ಪತ್ತೈದು ಗಂಟೆ. ಇದರಲ್ಲಿ ಕಲಿತದ್ದು ತಾಳ್ಮೆ ಎನ್ನುವುದಾದರೆ, ಬಸ್ಸಿಗೆ ಕಾಯುವವರೆಲ್ಲ ಕಲಾವಿದರಾಗಬೇಕಿತ್ತು.

ಯಾವುದೇ ಕೈಕಸುಬು ಕಲಿಯುವುದು ಹೇಗೆ? ಕುಂಬಾರನ ಮಗ ಚಕ್ರದ ಮೇಲೆ ಮಣ್ಣು ಒತ್ತುತ್ತಾನೆ, ಗೋಡೆ ಓರೆಯಾಗುತ್ತದೆ, ಆ ಕ್ಷಣದಲ್ಲೇ ಬೆರಳಿಗೆ ಗೊತ್ತಾಗುತ್ತದೆ, ತಿದ್ದುತ್ತಾನೆ. ತಪ್ಪಿಗೂ ತಿದ್ದುಪಡಿಗೂ ನಡುವಿನ ಅಂತರ ಕಡಿಮೆಯಾದಷ್ಟೂ ಕೈ ಬೇಗ ಪಳಗುತ್ತದೆ. ದೀಪವನ್ನು ಒಂದು ಗೇಣು ಎಡಕ್ಕೆ ಸರಿಸಿದರೆ ಮುಖದ ಮೇಲೆ ಏನಾಗುತ್ತದೆ ಎಂದು ನೋಡಲು ನಾನು ಆರು ನಿಮಿಷ ಕಾಯಬೇಕಿತ್ತು. ಇಂದಿನ ಹುಡುಗಿ ದೀಪ ಸರಿಸುತ್ತಿದ್ದಂತೆಯೇ ನೆರಳು ಓಡಾಡುವುದನ್ನು ನೋಡುತ್ತಾಳೆ. ನಾನು ಒಂದು ತಿಂಗಳಲ್ಲಿ ಮಾಡಿದಷ್ಟು ಪ್ರಯೋಗಗಳನ್ನು ಅವಳು ಒಂದು ಸಂಜೆ ಮಾಡಬಲ್ಲಳು. ಇದಕ್ಕೆ ನಾವು ಹೊಟ್ಟೆಕಿಚ್ಚು ಪಡಬಹುದು, ಅದು ಮನುಷ್ಯ ಸಹಜ. ಅದನ್ನು ಉಪದೇಶ ಮಾಡಿ ಹಂಚಬಾರದು.

ನಿಧಾನ ಇನ್ನೂ ಒಂದು ಕೆಲಸ ಮಾಡಿತು. ಅದರ ಬಗ್ಗೆ ನಮ್ಮ ಗೆಳೆಯರು ಎಂದೂ ಮಾತಾಡುವುದಿಲ್ಲ. ಅದು ಜನರನ್ನು ಸೋಸಿತು. ಮನೆಯಲ್ಲಿ ಸ್ವಂತ ಯಂತ್ರ ಇಡುವ ಶಕ್ತಿ ನಮ್ಮಂಥವರಿಗೆ ಇರಲಿಲ್ಲ. ಕಲಿಯುವುದೆಲ್ಲ ಸ್ಟುಡಿಯೊದಲ್ಲಿ, ಅದೂ ಮಾಲೀಕ ಮನೆಗೆ ಹೋದ ಮೇಲೆ, ರಾತ್ರಿ. ನಮ್ಮ ಜೊತೆ ಕಲಿಯಲು ಬಂದ ಇಬ್ಬರು ಹೆಣ್ಣುಮಕ್ಕಳು ನನಗಿಂತ ಎಷ್ಟೋ ಚೆನ್ನಾಗಿ ಚಿತ್ರ ಬರೆಯುತ್ತಿದ್ದರು. ಅವರಿಗೆ ಕತ್ತಲಾಗುವ ಮೊದಲು ಲೋಕಲ್ ಹಿಡಿಯಬೇಕಿತ್ತು. ಯಂತ್ರ ಖಾಲಿಯಾಗುವ ಹೊತ್ತಿಗೆ ಅವರು ಕಲ್ಯಾಣ ದಾಟಿರುತ್ತಿದ್ದರು. ಆರು ತಿಂಗಳಲ್ಲಿ ಇಬ್ಬರೂ ಬಿಟ್ಟರು. ಉಳಿದವರು ನಾವು. "ಕಷ್ಟಪಟ್ಟವರು ಮಾತ್ರ ಉಳಿದರು" ಎಂದು ಇಂದು ಹೆಮ್ಮೆಯಿಂದ ಹೇಳುವಾಗ, ರಾತ್ರಿ ಉಳಿಯಲು ಯಾರಿಗೆ ಸಾಧ್ಯವಿತ್ತು ಎಂಬುದನ್ನೂ ಹೇಳಬೇಕಲ್ಲ?

ಹೋಗಲಿ, ಆ ಸೋಸುವಿಕೆಯಿಂದ ಕಲೆಯಾದರೂ ಉದ್ಧಾರವಾಯಿತೇ? ಆ ಕಾಲದ ಕೆಲಸಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ಕನ್ನಡಿಯಂಥ ಗೋಳ, ಚದುರಂಗದ ಮಣೆಯಂಥ ನೆಲ, ಬಂಗಾರದ ಬಣ್ಣದ ದಪ್ಪ ಅಕ್ಷರ ಸುತ್ತುತ್ತ ಬಂದು ಪರದೆಗೆ ಢಿಕ್ಕಿ ಹೊಡೆಯುವುದು. 1986ರಲ್ಲಿ ಎರಿಕ್ ಗ್ರಹಾಂ ಅಮಿಗಾ ಎಂಬ ಮನೆಬಳಕೆಯ ಕಂಪ್ಯೂಟರಿನಲ್ಲಿ 'ಜಗ್ಲರ್' ಮಾಡಿದ. ಗೋಳಗಳಿಂದಲೇ ಕಟ್ಟಿದ ಒಬ್ಬ ಮನುಷ್ಯ, ಚೌಕಳಿ ನೆಲದ ಮೇಲೆ ನಿಂತು ಮೂರು ಕನ್ನಡಿ ಚೆಂಡುಗಳನ್ನು ಆಡಿಸುತ್ತಾನೆ. 24 ಫ್ರೇಮ್, ಒಂದೊಂದಕ್ಕೆ ಸುಮಾರು ಒಂದು ಗಂಟೆ. ಆ ಯಂತ್ರದಲ್ಲಿ ಅದು ನಿಜಕ್ಕೂ ದೊಡ್ಡ ಸಾಹಸ, ಕೈಮುಗಿಯೋಣ. ಆದರೆ ಆಮೇಲಿನ ಹತ್ತು ವರ್ಷ ನಾವೆಲ್ಲ ಗೋಳ ಮತ್ತು ಚೌಕಳಿ ನೆಲಕ್ಕೇ ಅಂಟಿಕೊಂಡದ್ದು ಅಭಿರುಚಿಯಿಂದಲ್ಲ. ಗೋಳಕ್ಕೆ ಬೆಳಕಿನ ಕಿರಣ ತಾಗುವ ಜಾಗ ಹುಡುಕುವ ಗಣಿತ ಸುಲಭ, ಚೌಕಳಿಗೆ ಎರಡು ಬಣ್ಣ ಸಾಕು, ಅಷ್ಟೇ. ಯಂತ್ರಕ್ಕೆ ಯಾವುದು ಸುಲಭವೋ ಅದನ್ನೇ ನಾವು ಸುಂದರ ಎಂದೆವು.

ಇಷ್ಟು ಹೇಳಿದ ಮೇಲೆ ಎದುರು ಪಕ್ಷಕ್ಕೂ ನ್ಯಾಯ ಸಲ್ಲಬೇಕು. ಆ ಹಳೆಯ ಸಾಫ್ಟ್‌ವೇರ್ ನಮಗೆ ಏನೋ ಒಂದನ್ನು ಕಲಿಸಿದ್ದು ನಿಜ. ಏನದು?

ಅದಕ್ಕೆ ತನ್ನ ಹೊಟ್ಟೆಯೊಳಗಿನದನ್ನು ಮುಚ್ಚಿಡಲು ಬರುತ್ತಿರಲಿಲ್ಲ. 1990ರಲ್ಲಿ ಬಂದ 3ಡಿ ಸ್ಟುಡಿಯೊ ಒಂದೇ ಮನೆಯಾಗಿರಲಿಲ್ಲ, ಐದು ಕೋಣೆಗಳಾಗಿತ್ತು. ಗೆರೆ ಬರೆಯಲು 2ಡಿ ಶೇಪರ್, ಆ ಗೆರೆಯನ್ನು ಒಂದು ಹಾದಿಗುಂಟ ಎಳೆದು ಘನರೂಪ ಮಾಡಲು 3ಡಿ ಲಾಫ್ಟರ್, ಜೋಡಿಸಿ ದೀಪ ಕ್ಯಾಮೆರಾ ಇಡಲು 3ಡಿ ಎಡಿಟರ್, ಚಲನೆಗೆ ಕೀಫ್ರೇಮರ್, ಮೇಲ್ಮೈಯ ಬಣ್ಣ ಹೊಳಪಿಗೆ ಮಟೀರಿಯಲ್ಸ್ ಎಡಿಟರ್. ಎಫ್1ರಿಂದ ಎಫ್5ರವರೆಗೆ ಒಂದೊಂದು ಕೀಲಿಗೆ ಒಂದೊಂದು ಕೋಣೆ. ಗೆರೆ ಬೇರೆ, ರೂಪ ಬೇರೆ, ಚಲನೆ ಬೇರೆ, ಬೆಳಕು ಬೇರೆ ಎಂಬುದು ಬೆರಳಿಗೇ ಗೊತ್ತಾಗುತ್ತಿತ್ತು.

ಇನ್ನೊಂದು ಉದಾಹರಣೆ. ಆಟೊಕ್ಯಾಡ್‌ನಿಂದ ಮನೆಯ ನಕ್ಷೆ ತಂದು ರೆಂಡರ್ ಕೊಟ್ಟರೆ ಅರ್ಧ ಗೋಡೆಗಳೇ ಮಾಯ. ಯಾಕೆ? ಪ್ರತಿ ಮುಖಕ್ಕೂ ಒಂದು ಲಂಬ ಇರುತ್ತದೆ. ಅದು ನೋಡುವವನ ಕಡೆ ತಿರುಗಿದ್ದರೆ ಮಾತ್ರ ಮುಖ ಕಾಣುತ್ತದೆ, ಬೆನ್ನು ಹಾಕಿದ್ದರೆ ಇಲ್ಲ. ಗೋಡೆಯ ಬಿಂದುಗಳನ್ನು ಯಾವ ಸುತ್ತಿನಲ್ಲಿ ಸೇರಿಸಿದ್ದಾರೆ ಎಂಬುದರ ಮೇಲೆ ಲಂಬದ ದಿಕ್ಕು ನಿಂತಿರುತ್ತದೆ. ಒಮ್ಮೆ ಇದು ತಿಳಿದರೆ ಗೋಡೆ ಮರಳಿ ಬರುತ್ತದೆ, ಜೊತೆಗೆ ಬೆಳಕು ಹೇಗೆ ಲೆಕ್ಕವಾಗುತ್ತದೆ ಎಂಬುದೂ ತಿಳಿಯುತ್ತದೆ. ಫಾಂಗ್ ಶೇಡಿಂಗ್ ಅನ್ನೇ ನೋಡಿ. ಚಪ್ಪಟೆ ತುಂಡುಗಳಿಂದ ಮಾಡಿದ ಗೋಳ ನುಣುಪಾಗಿ ಕಾಣುವುದು, ಲಂಬವನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಮೆಲ್ಲಗೆ ಬಾಗಿಸುವ ಉಪಾಯದಿಂದ. ಮೈಯೆಲ್ಲ ನುಣುಪು, ಹೊರಗಿನ ಅಂಚಿನಲ್ಲಿ ಮಾತ್ರ ಮೂಲೆ ಮೂಲೆ. ಅಲ್ಲಿ ಕಳ್ಳ ಸಿಕ್ಕಿಬೀಳುತ್ತಿದ್ದ.

ಗಮನಿಸಿ, ಇದಾವುದಕ್ಕೂ ನಿಧಾನ ಬೇಕಿರಲಿಲ್ಲ. ಇದೇ ಪಾಠವನ್ನು ಇಂದಿನ ವೇಗದ ಯಂತ್ರದಲ್ಲಿ ಅರ್ಧ ಗಂಟೆಯಲ್ಲಿ ಹೇಳಿಕೊಡಬಹುದು. ಕಲಿಸಿದ್ದು ಒಳಗಿನದು ಕಾಣುತ್ತಿದ್ದ ಗುಣ. ನಾವು ಆ ಗುಣವನ್ನು ಬಿಟ್ಟು, ಅದರ ಜೊತೆ ಬಂದ ಕಷ್ಟಕ್ಕೆ ಹೂವಿನ ಹಾರ ಹಾಕುತ್ತಿದ್ದೇವೆ.

ಇನ್ನು ಚಲನೆಯ ವಿದ್ಯೆ. ಅದು ಸಾಫ್ಟ್‌ವೇರಿನಿಂದ ಬಂದದ್ದೇ ಅಲ್ಲ. ಚೆಂಡು ನೆಲಕ್ಕೆ ಬಡಿದಾಗ ಯಾಕೆ ಅದುಮಿದಂತೆ ಕಾಣಬೇಕು, ಜಿಗಿಯುವ ಮೊದಲು ಯಾಕೆ ಕುಗ್ಗಬೇಕು ಎಂಬ ಕೈಚಿತ್ರದ ಕಾಲದ ತತ್ವಗಳು 3ಡಿಗೂ ಹೇಗೆ ಅನ್ವಯಿಸುತ್ತವೆ ಎಂದು ಜಾನ್ ಲ್ಯಾಸೆಟರ್ 1987ರಲ್ಲೇ ಪ್ರಬಂಧ ಬರೆದಿದ್ದ. 3ಡಿ ಸ್ಟುಡಿಯೊ ಹುಟ್ಟಲು ಇನ್ನೂ ಮೂರು ವರ್ಷವಿತ್ತು. 1993ರ 'ಜುರಾಸಿಕ್ ಪಾರ್ಕ್' ಚಿತ್ರದ ಕಥೆ ಇನ್ನೂ ಚೆನ್ನಾಗಿದೆ. ಡೈನೊಸಾರ್‌ಗಳನ್ನು ಗೊಂಬೆಗಳಾಗಿ ಮಾಡಿ ಚೂರುಚೂರೇ ಅಲುಗಿಸಿ ಚಿತ್ರೀಕರಿಸಲು ಫಿಲ್ ಟಿಪ್ಪೆಟ್‌ನ ತಂಡ ಸಿದ್ಧವಾಗಿತ್ತು. ಅಷ್ಟರಲ್ಲಿ ಕಂಪ್ಯೂಟರಿನಲ್ಲೇ ಮಾಡುವುದು ಎಂದಾಯಿತು. ಆ ಗೊಂಬೆಯವರನ್ನು ಮನೆಗೆ ಕಳಿಸಿದರೆ? ಇಲ್ಲ. ಕೀಲುಕೀಲಿಗೂ ಸೆನ್ಸರ್ ಇಟ್ಟ ಲೋಹದ ಅಸ್ಥಿಪಂಜರ ಮಾಡಿಕೊಟ್ಟರು. ಅವರು ತಮಗೆ ಗೊತ್ತಿದ್ದಂತೆ ಕೈಯಲ್ಲಿ ಅಲುಗಿಸಿದರು, ಚಲನೆ ಕಂಪ್ಯೂಟರಿಗೆ ಹೋಯಿತು. ಪ್ರಾಣಿಯ ತೂಕ ಯಾವ ಕಾಲಿನ ಮೇಲೆ ಬೀಳುತ್ತದೆ ಎಂದು ಬಲ್ಲವರಿಗಾಗಿ ಹೊಸ ಉಪಕರಣವನ್ನೇ ಕಟ್ಟಿದರು. ನಮ್ಮಲ್ಲಿ ನಡೆದದ್ದು ಇದರ ಉಲ್ಟಾ. ಉಪಕರಣದ ಹೆಸರು ಬಾಯಿಪಾಠ ಮಾಡಿದವನಿಗೆ ಕೆಲಸ, ನಾಯಿ ಹೇಗೆ ನಡೆಯುತ್ತದೆ ಎಂದು ನೋಡಿದವನಿಗೆ ಬಾಗಿಲು ಬಂದ್.

ಆ ಹೆಸರುಗಳ ಗತಿಯಾದರೂ ಏನಾಯಿತು ನೋಡಿ. ಡಾಸ್‌ನ 3ಡಿ ಸ್ಟುಡಿಯೊ 1996ರಲ್ಲಿ 'ಮ್ಯಾಕ್ಸ್' ಆಗಿ ಹೊಸದಾಗಿಯೇ ಬರೆಸಿಕೊಂಡು ವಿಂಡೋಸ್ ಎನ್‌ಟಿಗೆ ಬಂತು. ಐದು ಕೋಣೆಗಳ ಓಡಾಟ ಕಲಿತದ್ದು ವ್ಯರ್ಥ. ಡೈನೊಸಾರ್ ಖ್ಯಾತಿಯ ಸಾಫ್ಟ್‌ಇಮೇಜ್ ಮೈಕ್ರೊಸಾಫ್ಟ್, ಆವಿಡ್ ಎಂದು ಕೈ ಬದಲಿಸಿ, 2008ರಲ್ಲಿ ಆಟೊಡೆಸ್ಕ್ ಪಾಲಾಗಿ, 2015ರ ಆವೃತ್ತಿಯೇ ಕೊನೆಯದೆಂದು ಘೋಷಣೆಯಾಯಿತು. ಟ್ರೂಸ್ಪೇಸ್ ಅನ್ನು 2008ರಲ್ಲಿ ಮೈಕ್ರೊಸಾಫ್ಟ್ ಕೊಂಡು ಮರುವರ್ಷವೇ ನಿಲ್ಲಿಸಿತು. ಇವುಗಳಲ್ಲಿ ಒಂದೊಂದಕ್ಕೂ ತಮ್ಮ ಪ್ರಾಯದ ನಾಲ್ಕಾರು ವರ್ಷ ಕೊಟ್ಟವರು ನನ್ನ ಪರಿಚಯದಲ್ಲೇ ಇದ್ದಾರೆ. ಕಂಪನಿ ಬಾಗಿಲು ಹಾಕಿದ ದಿನ, ಮೆನು ಮಾತ್ರ ಕಲಿತವನ ವಿದ್ಯೆಯೂ ಸತ್ತಿತು. ಬೆಳಕು ಕಲಿತವನು ಮುಂದಿನ ವಾರ ಬೇರೊಂದು ಸಾಫ್ಟ್‌ವೇರಿನಲ್ಲಿ ಕೂತ.

ಕಡತಗಳದೂ ಇದೇ ಪಾಡು. ಆಗ 3ಡಿ ಸ್ಟುಡಿಯೊ ಓಡಬೇಕೆಂದರೆ ಪ್ರಿಂಟರ್ ಚುಚ್ಚುವ ಜಾಗಕ್ಕೆ ಡಾಂಗಲ್ ಎಂಬ ಹೆಬ್ಬೆರಳಿನಷ್ಟು ಬೀಗ ಚುಚ್ಚಬೇಕಿತ್ತು. ನಮ್ಮ ಮಾಲೀಕ ಅದನ್ನು ಸಂಜೆ ಕಿತ್ತು ಕಪಾಟಿನಲ್ಲಿಟ್ಟು ಬೀಗ ಹಾಕುತ್ತಿದ್ದ. ರೆಂಡರ್ ನಡೆಯುತ್ತಿದ್ದ ರಾತ್ರಿಗಳಲ್ಲಿ ಮಾತ್ರ ಅದಕ್ಕೆ ಬಿಡುಗಡೆ. ಅಂದರೆ ನಾನು ಮಾಡಿದ ಕೆಲಸವನ್ನು ನಾನೇ ತೆರೆಯಬೇಕೆಂದರೂ ಇನ್ನೊಬ್ಬರ ಕಪಾಟಿನ ಕೀಲಿ ಬೇಕು. ಈಗ ಡಾಂಗಲ್ ಇಲ್ಲ, ಬಾಡಿಗೆ ಇದೆ. 2016ರಿಂದ ಆಟೊಡೆಸ್ಕ್ ಒಮ್ಮೆ ಕೊಂಡು ಇಟ್ಟುಕೊಳ್ಳುವ ಲೈಸೆನ್ಸ್ ಮಾರುವುದನ್ನೇ ಬಿಟ್ಟಿತು. ಬಾಡಿಗೆ ನಿಂತರೆ ಬಾಗಿಲು ಮುಚ್ಚುತ್ತದೆ.

ಬೇರೆ ದಾರಿ ಆಗ ಇರಲಿಲ್ಲವೇ? ಇತ್ತು. 1990ರ ದಶಕದ ಆರಂಭದಿಂದಲೇ ಪೊವ್-ರೇ ಎಂಬ ಪುಕ್ಕಟೆ ಸಾಫ್ಟ್‌ವೇರ್ ಸಿಗುತ್ತಿತ್ತು. ಅದರಲ್ಲಿ ದೃಶ್ಯವನ್ನು ಅಕ್ಷರಗಳಲ್ಲಿ ಬರೆಯಬೇಕು. ಗೋಳ ಬೇಕೆಂದರೆ ಗೋಳ ಎಂದು ಬರೆದು, ಕೇಂದ್ರಕ್ಕೆ ಮೂರು ಅಂಕಿ, ತ್ರಿಜ್ಯಕ್ಕೆ ಒಂದು ಅಂಕಿ, ಬಣ್ಣ ಕೊಟ್ಟರೆ ಆಯಿತು. ಒಳಗಿನ ಪ್ರೋಗ್ರಾಮನ್ನೂ ತೆರೆದು ಓದಬಹುದಿತ್ತು. ಸಾದಾ ಅಕ್ಷರಗಳಾದ್ದರಿಂದ ಅಂದು ಬರೆದ ದೃಶ್ಯವನ್ನು ಇಂದಿಗೂ ಓದಿ ಅರ್ಥಮಾಡಿಕೊಳ್ಳಬಹುದು. ನೆದರ್‌ಲ್ಯಾಂಡ್ಸ್‌ನ ಟಾನ್ ರೂಸೆಂಡಾಲ್ ಕಟ್ಟಿದ ಬ್ಲೆಂಡರ್ 1998ರಲ್ಲಿ ಹೊರಬಂತು. 2002ರಲ್ಲಿ ಕಂಪನಿ ಮುಳುಗಿದಾಗ ಅದರ ಬಳಕೆದಾರರು ಏಳು ವಾರಗಳಲ್ಲಿ 1,00,000 ಯೂರೊ ಕೂಡಿಸಿ, ಸಾಲಗಾರರ ಕೈಯಿಂದ ಬಿಡಿಸಿ, ಅಕ್ಟೋಬರ್ 13ರಂದು ಎಲ್ಲರದ್ದಾಗಿ ಮಾಡಿದರು. ಅದೇ ಬ್ಲೆಂಡರಿನಲ್ಲಿ ಲಾಟ್ವಿಯಾ ಎಂಬ ಪುಟ್ಟ ದೇಶದ ಗಿಂಟ್ಸ್ ಜಿಲ್ಬಲೋಡಿಸ್ ಮಾಡಿದ 'ಫ್ಲೋ' 2025ರಲ್ಲಿ ಆಸ್ಕರ್ ಪಡೆಯಿತು. ನಮ್ಮ ಗೆಳೆಯರಿಗೆ ಇಂದಿಗೂ ಪುಕ್ಕಟೆ ಎಂದರೆ ಅಗ್ಗ. ಹಿತ್ತಲ ಗಿಡ ಮದ್ದಲ್ಲ.

ಈಗ ಈ ಹರಟೆಯ ಬೆಲೆ ಯಾರು ತೆರುತ್ತಿದ್ದಾರೆ ಎಂದು ಹೇಳುತ್ತೇನೆ. ಕಳೆದ ವರ್ಷ ಕೊಪ್ಪಳದ ಕಡೆಯ ಒಬ್ಬ ಹುಡುಗ ಡೊಂಬಿವಲಿಯ ನಮ್ಮ ಮನೆಗೆ ಬಂದಿದ್ದ. ಉಪನಗರದ ಒಂದು ತರಬೇತಿ ಸಂಸ್ಥೆಯಲ್ಲಿ ಅಪ್ಪ ಸಾಲ ಮಾಡಿ ಸೇರಿಸಿದ್ದರು. ಸರ್ಟಿಫಿಕೇಟ್ ತೋರಿಸಿದ. ಆರು ಸಾಫ್ಟ್‌ವೇರುಗಳ ಹೆಸರಿತ್ತು. ಬೆಳಕು, ತೂಕ, ಚಲನೆ ಎಂಬ ಒಂದು ಪದವೂ ಇರಲಿಲ್ಲ. "ಸರ, ಇನ್ನೂ ಯಾವ ಸಾಫ್ಟ್‌ವೇರ್ ಕಲೀಬೇಕ್ರಿ? ನನಗ ಇಂಗ್ಲಿಷ್ ಸರಿಯಾಗಿ ಬರೂದಿಲ್ಲ. ಇದು ನನ್ನ ಕೈಲೆ ಆಗೂದಿಲ್ಲೇನೋ ಅನಸ್ತದ್ರಿ" ಎಂದ.

ನನಗೆ ಸಿಟ್ಟು ಬಂತು, ಅವನ ಮೇಲಲ್ಲ. ಒಂದು ಕಡೆ ನಮ್ಮ ಹಿರಿಯರು ಅವನಿಗೆ "ನೀವೇನು ಕಷ್ಟ ಕಂಡಿದ್ದೀರಿ" ಎನ್ನುತ್ತಾರೆ. ಇನ್ನೊಂದು ಕಡೆ ಸಂಸ್ಥೆ ಅವನಿಗೆ ಬ್ರ್ಯಾಂಡುಗಳ ಹೆಸರು ಮಾರುತ್ತದೆ. ಇಬ್ಬರೂ ಪೂಜಿಸುವುದು ಉಪಕರಣವನ್ನೇ. ಒಬ್ಬರಿಗೆ ಹಳೆಯದು ದೇವರು, ಇನ್ನೊಬ್ಬರಿಗೆ ಹೊಸದು.

ಇವನಿಗೆ ಬೇಕಾದದ್ದೆಲ್ಲ ಇವನ ಕನ್ನಡ ಶಾಲೆ ಆಗಲೇ ಕೊಟ್ಟಿತ್ತು. ಶೃಂಗ, ಅಂಚು, ಮುಖ ಇವನಿಗೆ ಗೊತ್ತು. ಘನಕ್ಕೆ ಮುಖ ಆರು, ಶೃಂಗ ಎಂಟು, ಅಂಚು ಹನ್ನೆರಡು ಎಂದು ಕೇಳಿದ ಕೂಡಲೇ ಹೇಳಿದ. ಆಯ್ಲರನ ಸೂತ್ರ ನೆನಪಿತ್ತು. ಎಕ್ಸ್, ವೈ ಅಕ್ಷ ಗೊತ್ತು, ಝಡ್ ಅಕ್ಷಕ್ಕೆ ಐದು ನಿಮಿಷ ಸಾಕು. 3ಡಿ ಮಾಡೆಲಿಂಗ್ ಎಂದರೆ ಇದೇ. ವರ್ಟೆಕ್ಸ್ ಎಂದರೆ ಶೃಂಗ ಎಂದು ಆ ಸಂಸ್ಥೆಯಲ್ಲಿ ಒಬ್ಬರೂ ಅವನಿಗೆ ಹೇಳಿರಲಿಲ್ಲ, ಅಷ್ಟೇ.

ಅವನ ಊರು ಲಕ್ಕುಂಡಿಗೆ ದೂರವಿಲ್ಲ. ಅಲ್ಲಿನ ಚಾಲುಕ್ಯರ ಕಾಲದ ಗುಡಿಗಳಲ್ಲಿ ಬಳಪದ ಕಲ್ಲಿನ ಕಂಬಗಳಿವೆ. ತಿರುಗಣೆಯ ಮೇಲೆ ಕಲ್ಲು ಸುತ್ತಿಸಿ ಕಡೆದವು. ಒಂದು ಗೆರೆಯನ್ನು ಅಕ್ಷದ ಸುತ್ತ ತಿರುಗಿಸಿದರೆ ಯಾವ ಆಕಾರ ಬರುತ್ತದೋ ಅದೇ ಆ ಕಂಬ. 3ಡಿ ಸ್ಟುಡಿಯೊದಲ್ಲಿ ಶೇಪರಿನಲ್ಲಿ ಅರ್ಧ ಗೆರೆ ಬರೆದು ಲಾಫ್ಟರಿನಲ್ಲಿ ಸುತ್ತಿಸುತ್ತಿದ್ದೆವು. ಇಂದಿನ ಸಾಫ್ಟ್‌ವೇರುಗಳಲ್ಲೂ ಅದೇ ಕೆಲಸ, ಹೆಸರೂ ಹಲವೆಡೆ 'ಲೇತ್'. ನಮ್ಮ ಪೂರ್ವಿಕರು ಕಂಪ್ಯೂಟರ್ ಕಂಡುಹಿಡಿದಿದ್ದರು ಎಂಬ ಜಂಬವನ್ನು ದಯವಿಟ್ಟು ಇದರಿಂದ ಹೊರಡಿಸಬೇಡಿ. ನಾನು ಹೇಳುವುದು ಇಷ್ಟೆ: ಆ ಹುಡುಗನಿಗೆ ಕಣ್ಣಿಗೆ ಕಂಡ ಕಂಬದಿಂದ ಪಾಠ ಶುರು ಮಾಡಿದ್ದರೆ ಒಂದು ಗಂಟೆಯಲ್ಲಿ ತಿಳಿಯುತ್ತಿತ್ತು. ಅವನು ಎಂದೂ ನೋಡದ ಷಾಂಪೇನ್ ಗ್ಲಾಸಿನಿಂದ ಶುರು ಮಾಡಿದರು.

"ಕೆಲಸ ಕೊಡುವವರು ಮಾಯಾ ಬರುತ್ತದೆಯೇ ಎಂದೇ ಕೇಳುತ್ತಾರಲ್ಲ" ಎನ್ನುವಿರಿ. ಕೇಳಲಿ, ಅದನ್ನೂ ಕಲಿಯಲಿ. ಒಳಗಿನದು ತಿಳಿದವನಿಗೆ ಹೊಸ ಮೆನು ಕೆಲವು ವಾರಗಳ ಕೆಲಸ. ಒಳಗಿನದು ತಿಳಿಯದವನಿಗೆ ಪ್ರತಿ ಹೊಸ ಆವೃತ್ತಿಯೂ ಹೊಸ ಶುಲ್ಕ. "ಇಂಗ್ಲಿಷ್ ಬೇಡವೇ" ಎನ್ನುವಿರಿ. ಬೇಕು. ಆದರೆ ತಿಳಿವಳಿಕೆಗೆ ಬಾಗಿಲಲ್ಲೇ ಇಂಗ್ಲಿಷಿನ ಟಿಕೆಟ್ ಕೇಳಬೇಡಿ. ಲಂಬ ಎಂದು ತಿಳಿದವನು ನಾರ್ಮಲ್ ಎಂಬ ಪದವನ್ನು ಒಂದು ದಿನದಲ್ಲಿ ಕಲಿಯುತ್ತಾನೆ.

ಈ ಪತ್ರಿಕೆ ಓದುವವರಲ್ಲಿ ಈ ಕೆಲಸ ಬಲ್ಲವರು ಹಲವರಿದ್ದೀರಿ. ನಿಮ್ಮ ಊರಿನ ಸಂಘದಲ್ಲಿ ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾ ಕರೆಸುವ ಹಣದಲ್ಲಿ ಎರಡು ಹಳೆಯ ಲ್ಯಾಪ್‌ಟಾಪ್ ಬರುತ್ತವೆ. ಬ್ಲೆಂಡರಿಗೆ ಹಣ ಬೇಡ. ಭಾನುವಾರ ಎರಡು ಗಂಟೆ, ಕನ್ನಡದಲ್ಲಿ, ನಾಲ್ಕು ಮಕ್ಕಳು. ಹೆಣ್ಣುಮಕ್ಕಳು ಬೆಳಕಿರುವಾಗಲೇ ಮನೆಗೆ ಹೋಗುವಂತೆ ಹೊತ್ತು ಇಟ್ಟುಕೊಳ್ಳಿ. ಅಲ್ಲಿ 486ರ ಪುರಾಣ ತೆಗೆಯಬೇಡಿ.

ಮೊದಲ ಪಾಠ ಏನೆಂದು ಕೇಳಿದರೆ, ಕೊಪ್ಪಳದ ಹುಡುಗನಿಗೆ ಹೇಳಿಕೊಟ್ಟದ್ದನ್ನೇ ಹೇಳುತ್ತೇನೆ. ಮನೆಯ ಗಡಿಗೆ ಎದುರಿಗಿಟ್ಟುಕೊಂಡು ಅದರ ಅರ್ಧ ಗೆರೆ ಕಾಗದದ ಮೇಲೆ ಬರೆಸಿ. ಅದನ್ನು ಪರದೆಯ ಮೇಲೆ ಅಕ್ಷದ ಸುತ್ತ ತಿರುಗಿಸಲಿ. ಒಂದೇ ದೀಪ ಇಡಲಿ. ಗುಂಡಿ ಒತ್ತುವ ಮೊದಲು, ನೆರಳು ಯಾವ ಕಡೆ ಎಷ್ಟು ಉದ್ದ ಬೀಳುತ್ತದೆ ಎಂದು ಕೇಳಿ. ಅವನು ಹೇಳಲಿ. ಆಮೇಲೆ ಒತ್ತಲಿ.